ಊಟಕ್ಕೆ ಹಟ ಮಾಡುವ ಮಗುವಿನ ಪೋಷಣೆ: ಒಂದರಿಂದ ಐದು ವರ್ಷದ ಮಕ್ಕಳ ಹೆತ್ತವರಿಗೆ ಸಮಗ್ರ ಮಾರ್ಗದರ್ಶಿ

ಮೊದಲ ಹುಟ್ಟುಹಬ್ಬದವರೆಗೆ ಕೊಟ್ಟದ್ದನ್ನೆಲ್ಲ ಚಪ್ಪರಿಸಿ ತಿನ್ನುತ್ತಿದ್ದ ಮಗು ಒಂದೂವರೆ ವರ್ಷದ ಹೊತ್ತಿಗೆ ಬಾಯಿ ಬಿಗಿಹಿಡಿಯುವುದು, ತುತ್ತನ್ನು ಕೆನ್ನೆಯಲ್ಲಿ ಅವುಚಿಟ್ಟುಕೊಂಡು ಗಂಟೆಗಟ್ಟಲೆ ಕೂರುವುದು, ಮೊಸರನ್ನ ಬಿಟ್ಟರೆ ಬೇರೇನೂ ಬೇಡವೆನ್ನುವುದು ನಮ್ಮ ಬಹುಪಾಲು ಮನೆಗಳಲ್ಲಿ ಕಾಣುವ ಸಂಗತಿ. ಇದಕ್ಕೆ ಮಗುವಿನ ಮೊಂಡುತನವೂ ಕಾರಣವಲ್ಲ, ತಾಯಿಯ ಅಡುಗೆಯೂ ಕಾರಣವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡದ ಪ್ರಕಾರ ಹುಟ್ಟಿದಾಗ 3.3 ಕಿಲೋ ಇರುವ ಗಂಡುಮಗು ವರ್ಷ ತುಂಬುವಾಗ ಸರಾಸರಿ 9.6 ಕಿಲೋ ತೂಗುತ್ತದೆ. ಎರಡು ವರ್ಷಕ್ಕೆ 12.2 ಕಿಲೋ ಆಗುತ್ತದೆ. ಅಂದರೆ ಮೊದಲ ವರ್ಷದಲ್ಲಿ ಆರು ಕಿಲೋಗೂ ಮೀರಿ ಬೆಳೆದ ಮಗು ಎರಡನೆಯ ವರ್ಷದಲ್ಲಿ ಎರಡೂವರೆ ಕಿಲೋದಷ್ಟು ಮಾತ್ರ ಬೆಳೆಯುತ್ತದೆ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುವುದು ಸಹಜ. ಅದೇ ವಯಸ್ಸಿನಲ್ಲಿ ಪರಿಚಯವಿಲ್ಲದ ಆಹಾರದ ಬಗ್ಗೆ ಹುಟ್ಟುವ ಅಂಜಿಕೆ ಎರಡರಿಂದ ಆರು ವರ್ಷದ ನಡುವೆ ಹೆಚ್ಚಾಗಿರುತ್ತದೆ.

ಹಾಗೆಂದು ‘ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತಾನೆ’ ಎಂದು ಕೈಚೆಲ್ಲಿ ಕೂರುವಂತೆಯೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು; ಐದು ವರ್ಷದೊಳಗಿನವರಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆದ್ದರಿಂದ ಒತ್ತಾಯವನ್ನು ಸಡಿಲಿಸುವುದು, ತಿನ್ನುವ ಸ್ವಲ್ಪವೇ ಆಹಾರದಲ್ಲಿ ಸತ್ವವನ್ನು ಹೆಚ್ಚಿಸುವುದು, ಈ ಎರಡೂ ಕೆಲಸಗಳು ಜೊತೆಜೊತೆಯಾಗಿಯೇ ನಡೆಯಬೇಕು. ಮುಂದೆ ಹೇಳಿರುವ ಹೆಜ್ಜೆಗಳ ಕ್ರಮಕ್ಕೂ ಮಹತ್ವವಿದೆ. ಹಸಿವಿಲ್ಲದ ಮಗುವಿನ ಮುಂದೆ ಎಷ್ಟು ಬಗೆಯ ಅಡುಗೆ ಮಾಡಿಟ್ಟರೂ ಪ್ರಯೋಜನವಾಗುವುದಿಲ್ಲ.

ಮೊದಲ ಹೆಜ್ಜೆ: ಮಗು ಹೇಗೆ ಬೆಳೆಯುತ್ತಿದೆ ಎಂದು ನೋಡುವುದು

‘ಏನೂ ತಿನ್ನುವುದಿಲ್ಲ’ ಎಂಬ ಮಾತನ್ನು ತೂಕದ ಜೊತೆಗಿಟ್ಟು ನೋಡಬೇಕು. ಆರೋಗ್ಯ ಇಲಾಖೆ ಕೊಡುವ ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ನಕ್ಷೆ ಇರುತ್ತದೆ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ನೋಡುತ್ತಾರೆ. ಒಂದು ದಿನದ ತೂಕದಿಂದ ಹೆಚ್ಚೇನೂ ತಿಳಿಯುವುದಿಲ್ಲ, ಹಲವು ತಿಂಗಳ ಗುರುತುಗಳನ್ನು ಸೇರಿಸಿ ಎಳೆದ ಗೆರೆ ಮಾತ್ರ ನಿಜ ಹೇಳುತ್ತದೆ. ಆ ಗೆರೆ ನಕ್ಷೆಯ ರೇಖೆಗೆ ಸಮಾನಾಂತರವಾಗಿ ಏರುತ್ತಿದ್ದರೆ, ಮಗು ಪಕ್ಕದ ಮನೆಯ ಮಗುವಿಗಿಂತ ತೆಳ್ಳಗಿದ್ದರೂ ಅದಕ್ಕೆ ಬೇಕಾದಷ್ಟು ಆಹಾರ ಸಿಗುತ್ತಿದೆ ಎಂದು ತಿಳಿಯಬಹುದು. ಗೆರೆ ಚಪ್ಪಟೆಯಾಗಿದ್ದರೆ ಅಥವಾ ಕೆಳಗಿಳಿಯುತ್ತಿದ್ದರೆ ಈ ಮಾರ್ಗದರ್ಶಿಯನ್ನು ಓದುತ್ತಾ ಕೂರದೆ ಮೊದಲು ಮಕ್ಕಳ ವೈದ್ಯರ ಬಳಿಗೆ ಹೋಗಬೇಕು. ತೋಳಿನ ಸುತ್ತಳತೆಯ ಪಟ್ಟಿ ಅಂಗನವಾಡಿ ಕಾರ್ಯಕರ್ತೆಯ ಬಳಿ ಸಿಗುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ, ತಡಮಾಡುವಂತಿಲ್ಲ.

ಇದರ ಜೊತೆಗೆ ಮೂರು ದಿನ ಮಗು ತಿಂದದ್ದನ್ನೂ ಕುಡಿದದ್ದನ್ನೂ ಹೊತ್ತುಹೊತ್ತಿಗೆ ಒಂದು ಹಾಳೆಯಲ್ಲಿ ಬರೆದಿಡಬೇಕು. ಅಜ್ಜ ಅಂಗಡಿಯಿಂದ ಕೊಡಿಸಿದ ಬಿಸ್ಕತ್ತು, ಚಹಾದಲ್ಲಿ ಅದ್ದಿ ತಿನ್ನಿಸಿದ ರಸ್ಕ್, ಮಲಗುವ ಮುನ್ನ ಕುಡಿದ ಹಾಲು, ಹೀಗೆ ಯಾವುದೂ ಬಿಟ್ಟುಹೋಗಬಾರದು. ಸಮಸ್ಯೆಯ ಮೂಲ ಹಲವು ಮನೆಗಳಲ್ಲಿ ಈ ಹಾಳೆಯಲ್ಲಿಯೇ ಸಿಗುತ್ತದೆ.

ಎರಡನೆಯ ಹೆಜ್ಜೆ: ಹಸಿವಿಗೆ ಜಾಗ ಮಾಡಿಕೊಡುವುದು

ಹಾಳೆಯಲ್ಲಿ ಮೊದಲು ನೋಡಬೇಕಾದದ್ದು ಹಾಲಿನ ಲೆಕ್ಕವನ್ನು. ಊಟ ಸರಿಯಾಗಿ ಮಾಡಲಿಲ್ಲ, ಹಾಲನ್ನಾದರೂ ಕುಡಿಯಲಿ ಎಂದು ಕೊಡುತ್ತಾ ಹೋದರೆ ಹಾಲು ದಿನಕ್ಕೆ ಮುಕ್ಕಾಲು ಲೀಟರು, ಒಂದು ಲೀಟರು ಆಗಿಬಿಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿರುವಂತೆ ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1010 ಕಿಲೋಕ್ಯಾಲೊರಿ ಸಾಕು; ಒಂದು ಲೀಟರು ಹಸುವಿನ ಹಾಲಿನಲ್ಲಿ ಹೆಚ್ಚುಕಡಿಮೆ 650ರಿಂದ 700 ಕಿಲೋಕ್ಯಾಲೊರಿ ಇರುತ್ತದೆ. ಹಾಲಿನಿಂದಲೇ ಮೂರರಲ್ಲಿ ಎರಡು ಪಾಲು ಹೊಟ್ಟೆ ತುಂಬಿದ ಮಗು ಸಾರು–ಅನ್ನವನ್ನು ಯಾಕೆ ಮುಟ್ಟೀತು? ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ, ಅದರ ಕ್ಯಾಲ್ಸಿಯಂ ಬೇರೆ ಆಹಾರದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೂ ಅಡ್ಡಿಯಾಗುತ್ತದೆ, ಹಾಲೇ ಹೆಚ್ಚಾದಾಗ ಮಲಬದ್ಧತೆ ಬಂದು ಇದ್ದ ಹಸಿವೂ ಇಂಗುತ್ತದೆ. ವರ್ಷ ದಾಟಿದ ಮಗುವಿಗೆ ದಿನಕ್ಕೆ 400ರಿಂದ 500 ಮಿ.ಲೀ. ಹಾಲು ಸಾಕು, ಮೊಸರೂ ಮಜ್ಜಿಗೆಯೂ ಇದರಲ್ಲೇ ಸೇರಬೇಕು. ಅಂಗನವಾಡಿಯಲ್ಲಿ ಕ್ಷೀರಭಾಗ್ಯದ ಹಾಲು ಕುಡಿಯುವ ಮಗುವಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಲನ್ನು ಒಮ್ಮೆಲೇ ನಿಲ್ಲಿಸಿದರೆ ಮಗುವೂ ಅಳುತ್ತದೆ, ಮನೆಯವರೂ ಸೋಲುತ್ತಾರೆ. ಮೂರು–ನಾಲ್ಕು ದಿನಕ್ಕೊಮ್ಮೆ ಒಂದೊಂದು ಹೊತ್ತಿನ ಹಾಲನ್ನು ತಗ್ಗಿಸುತ್ತಾ ಬರಬೇಕು. ಮೊದಲು ಊಟದ ಮುಂಚಿನ ಹಾಲು ಹೋಗಲಿ, ಆಮೇಲೆ ನಡುರಾತ್ರಿಯ ಬಾಟಲಿ ಹೋಗಲಿ. ಉಳಿದ ಹಾಲನ್ನು ಬಾಟಲಿಯ ಬದಲು ಸಣ್ಣ ಲೋಟದಲ್ಲಿ, ಊಟಕ್ಕೂ ಹಾಲಿಗೂ ಅಂತರವಿಟ್ಟು ಕೊಡಬೇಕು. ಎದೆಹಾಲು ಕುಡಿಯುವ ಮಗುವಿಗೆ ಎರಡು ವರ್ಷದವರೆಗೂ ಅದರಾಚೆಗೂ ಅದನ್ನು ಮುಂದುವರಿಸಬಹುದು. ಆದರೆ ಹಗಲಿನಲ್ಲಿ ಪ್ರತಿ ಅರ್ಧಗಂಟೆಗೆ ಎದೆಗೆ ಹಚ್ಚಿಕೊಳ್ಳುವ ರೂಢಿಯಿದ್ದರೆ ಅದನ್ನು ಊಟವಾದ ನಂತರದ ಹೊತ್ತಿಗೆ ಸರಿಸುವುದು ಒಳ್ಳೆಯದು.

ಇನ್ನು ಹೊತ್ತಿನ ವಿಷಯ. ದಿನಕ್ಕೆ ಮೂರು ಊಟ, ಎರಡು ಸಣ್ಣ ತಿಂಡಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಎರಡೂವರೆಯಿಂದ ಮೂರು ಗಂಟೆ, ಆ ನಡುವೆ ನೀರು ಮಾತ್ರ. ಬೆಳಿಗ್ಗೆ ಎಂಟಕ್ಕೆ ತಿಂಡಿಯಾದರೆ ಹತ್ತೂವರೆಗೆ ಹಣ್ಣು, ಒಂದಕ್ಕೆ ಊಟ, ನಾಲ್ಕಕ್ಕೆ ಹುರಿಹಿಟ್ಟಿನ ಉಂಡೆಯೋ ಬೇಯಿಸಿದ ಕಾಳೋ, ಏಳಕ್ಕೆ ರಾತ್ರಿಯ ಊಟ. ಹೊಸ ರೂಢಿಯ ಮೊದಲ ವಾರ ಕಷ್ಟದ್ದು. ಒಂದು ಹೊತ್ತು ಸರಿಯಾಗಿ ಉಣ್ಣದ ಮಗು ಅರ್ಧಗಂಟೆಗೆ ಬಿಸ್ಕತ್ತು ಕೇಳುತ್ತದೆ. ಆಗ ‘ಬಿಸ್ಕತ್ತು ಈಗ ಇಲ್ಲ ಕಂದಾ, ಸ್ವಲ್ಪ ಹೊತ್ತಿಗೆ ಬಾಳೆಹಣ್ಣು ತಿನ್ನೋಣ’ ಎಂದು ಮೆತ್ತಗೆ ಹೇಳಿ ಆ ಮಾತಿನಂತೆಯೇ ನಡೆಯಬೇಕು. ಬೆಳವಣಿಗೆ ಸರಿಯಿರುವ ಮಗು ಒಂದು ಹೊತ್ತು ಕಡಿಮೆ ತಿಂದರೆ ಗಾಬರಿಪಡಬೇಕಾಗಿಲ್ಲ. ಮಕ್ಕಳು ಒಂದು ಹೊತ್ತಿನ ಕೊರತೆಯನ್ನು ಮುಂದಿನ ಹೊತ್ತಿನಲ್ಲೋ ಮರುದಿನವೋ ತಾವೇ ತುಂಬಿಕೊಳ್ಳುತ್ತಾರೆ.

ಮೂರನೆಯ ಹೆಜ್ಜೆ: ಯಾರ ಕೆಲಸ ಯಾವುದು ಎಂದು ಹಂಚಿಕೊಳ್ಳುವುದು

ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಅವರು ಮಗುವಿನ ಊಟದ ಜವಾಬ್ದಾರಿಯನ್ನು ಎರಡು ಪಾಲು ಮಾಡಿದ್ದಾರೆ. ಏನು, ಯಾವಾಗ, ಎಲ್ಲಿ ಬಡಿಸಬೇಕು ಎಂಬುದು ದೊಡ್ಡವರ ಪಾಲು. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಪಾಲು. ನಮ್ಮಲ್ಲಿ ಇದು ತಿರುವುಮುರುವಾಗಿದೆ. ಏನು ಬೇಕೆಂದು ಮಗುವನ್ನು ಕೇಳುತ್ತೇವೆ, ಎಷ್ಟು ತಿನ್ನಬೇಕೆಂದು ನಾವು ಗೊತ್ತುಮಾಡುತ್ತೇವೆ. ಚಂದಮಾಮನನ್ನು ತೋರಿಸುತ್ತಾ ತುತ್ತಿಡುವುದರಲ್ಲಿ ಅಕ್ಕರೆಯಿತ್ತು, ಮಾತುಕತೆಯಿತ್ತು. ಮೊಬೈಲು ತೋರಿಸಿ ತುರುಕುವುದರಲ್ಲಿ ಎರಡೂ ಇಲ್ಲ. ಪರದೆ ನೋಡುವ ಮಗುವಿಗೆ ರುಚಿಯೂ ತಿಳಿಯುವುದಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ.

ಮನೆಯವರು ಕೂರುವ ಜಾಗದಲ್ಲೇ, ನೆಲದ ಮೇಲಾದರೆ ನೆಲದ ಮೇಲೆ, ಮಗುವನ್ನೂ ಅದರದೇ ತಟ್ಟೆಯೊಂದಿಗೆ ಕೂರಿಸಬೇಕು. ವರ್ಷಕ್ಕೊಂದು ಚಮಚದ ಲೆಕ್ಕದಲ್ಲಿ, ಅಂದರೆ ಎರಡು ವರ್ಷದ ಮಗುವಿಗೆ ಪ್ರತಿ ಪದಾರ್ಥವನ್ನೂ ಎರಡೆರಡು ದೊಡ್ಡ ಚಮಚದಷ್ಟು ಮೊದಲು ಬಡಿಸಿ, ಕೇಳಿದರೆ ಮತ್ತೆ ಬಡಿಸಬೇಕು. ತುಂಬಿದ ತಟ್ಟೆ ಮಗುವನ್ನು ಹೆದರಿಸುತ್ತದೆ. ತಟ್ಟೆಯಲ್ಲಿ ಮಗು ಖಂಡಿತ ತಿನ್ನುವ ಒಂದು ಪದಾರ್ಥವಾದರೂ ಇರಬೇಕು. ಕೈಯಿಂದ ಕಲೆಸಲಿ, ಚೆಲ್ಲಲಿ, ಮುಖಕ್ಕೆ ಮೆತ್ತಿಕೊಳ್ಳಲಿ. ಇಪ್ಪತ್ತು–ಮೂವತ್ತು ನಿಮಿಷವಾದ ಮೇಲೆ ಬೈಯದೆ, ಬೇಸರ ತೋರಿಸದೆ ತಟ್ಟೆಯನ್ನು ಎತ್ತಬೇಕು.

ಕೂಡುಕುಟುಂಬದಲ್ಲಿ ಈ ಹೆಜ್ಜೆ ಎಲ್ಲಕ್ಕಿಂತ ಕಷ್ಟದ್ದು. ಕೊನೆಯ ತುತ್ತು ಉಣ್ಣಿಸದೆ ಅಜ್ಜಿಗೆ ಸಮಾಧಾನವಾಗುವುದಿಲ್ಲ, ಅದರ ಹಿಂದಿರುವುದು ಪ್ರೀತಿಯೇ. ಅವರನ್ನು ಊಟದ ಹೊತ್ತಿನಿಂದ ದೂರವಿಡುವ ಬದಲು, ‘ಅತ್ತೆ, ಬಡಿಸುವುದು ನಿಮ್ಮ ಕೈಯಿಂದಲೇ ಆಗಲಿ, ಅವನು ಸಾಕು ಅಂದಾಗ ಮಾತ್ರ ಬಿಟ್ಟುಬಿಡೋಣ, ಎರಡು ವಾರ ನೋಡೋಣ’ ಎಂದು ಅವರ ಕೈಯಲ್ಲೇ ಕೆಲಸ ಕೊಡುವುದು ಉತ್ತಮ. ತಾಯಿ ಬೇಡವೆಂದ ಬಿಸ್ಕತ್ತನ್ನು ತಂದೆ ತಂದುಕೊಡುವ ಮನೆಯಲ್ಲಿ ಯಾವ ಕ್ರಮವೂ ನಿಲ್ಲುವುದಿಲ್ಲ, ಆದ್ದರಿಂದ ಮನೆಯ ಎಲ್ಲರೂ ಒಂದೇ ಮಾತಿಗೆ ಬರಬೇಕು.

ನಾಲ್ಕನೆಯ ಹೆಜ್ಜೆ: ಇಷ್ಟಪಡುವ ಆಹಾರದಲ್ಲೇ ಸತ್ವ ಹೆಚ್ಚಿಸುವುದು

ಹೊಸ ರುಚಿಗಳನ್ನು ಮಗು ಒಪ್ಪಲು ವಾರಗಳು, ತಿಂಗಳುಗಳು ಬೇಕು. ಅಲ್ಲಿಯವರೆಗೆ ಮಗು ಈಗಾಗಲೇ ಬಾಯಿಗಿಡುತ್ತಿರುವ ನಾಲ್ಕೈದು ಪದಾರ್ಥಗಳನ್ನೇ ಗಟ್ಟಿಮಾಡಬೇಕು. ಈ ಕೆಲಸಕ್ಕೆ ಅಂಗಡಿಯ ದುಬಾರಿ ಪುಡಿಗಳು ಬೇಕಾಗಿಲ್ಲ, ನಮ್ಮ ಅಡುಗೆಮನೆಯ ಡಬ್ಬಗಳಲ್ಲಿರುವುದೇ ಧಾರಾಳವಾಯಿತು.

ಅನ್ನ–ಸಾರು ಮಾತ್ರ ತಿನ್ನುವ ಮಗುವನ್ನು ತೆಗೆದುಕೊಳ್ಳೋಣ. ಖಾರವಾಗುತ್ತದೆಂದು ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿ ಅನ್ನಕ್ಕೆ ಕಲೆಸುವುದು ರೂಢಿ. ಆದರೆ ಬೇಳೆಯೆಲ್ಲ ಪಾತ್ರೆಯ ತಳದಲ್ಲಿರುತ್ತದೆ, ತಿಳಿಯಲ್ಲಿ ಹುಳಿ–ಉಪ್ಪು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಸಾರಿಗೆ ಪುಡಿ ಹಾಕುವ ಮೊದಲೇ ಬೆಂದ ಬೇಳೆಯನ್ನು ಎರಡು ಸೌಟು ತೆಗೆದಿಟ್ಟು, ಅರಿಸಿನ, ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ ಬೆರೆಸಿ ಗಟ್ಟಿ ತೊವ್ವೆಯಾಗಿ ಅನ್ನಕ್ಕೆ ಕಲೆಸಿದರೆ ಅದೇ ತುತ್ತಿನ ಬೆಲೆ ಹಲವು ಪಟ್ಟು ಹೆಚ್ಚುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಒಂದು ಬದಲಾವಣೆಯಷ್ಟು ಸುಲಭದ್ದೂ ಪರಿಣಾಮಕಾರಿಯಾದದ್ದೂ ಮತ್ತೊಂದಿಲ್ಲ. ಬೇಳೆಯ ಜೊತೆ ಒಂದು ತುಂಡು ಸಿಹಿಗುಂಬಳವನ್ನೋ ಒಂದು ಹಿಡಿ ಸೊಪ್ಪನ್ನೋ ಬೇಯಿಸಿ ಮಸೆದರೆ ಅದು ಮಸ್ಸೊಪ್ಪಿನ ಹಾದಿ ಹಿಡಿಯುತ್ತದೆ.

ದೋಸೆ ಇಷ್ಟಪಡುವ ಮಗುವಿಗೆ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ರಾಗಿಹಿಟ್ಟು ಬೆರೆಸಿದ ದೋಸೆ, ಇಲ್ಲವೇ ಮೊಟ್ಟೆ ಒಡೆದು ಹರಡಿದ ದೋಸೆ ಮಾಡಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಬಿಸಿ ಜೋಳದ ರೊಟ್ಟಿಯನ್ನು ಕುಟ್ಟಿ ಮಾಡುವ ಮುಟಗಿಗೆ ತುಪ್ಪ, ಖಾರವಿಲ್ಲದ ಶೇಂಗಾ ಹಿಂಡಿ (ಚಟ್ನಿಪುಡಿ) ಬೆರೆಸಿದರೆ ಮಗುವಿಗೆ ಅಗಿಯಲೂ ಸುಲಭ. ಕರಾವಳಿಯಲ್ಲಿ ಬೂತಾಯಿ ಮೀನಿನ ಮುಳ್ಳನ್ನು ಎಚ್ಚರದಿಂದ ಬಿಡಿಸಿ ಗಂಜಿಗೆ ಬೆರೆಸಬಹುದು. ಮಲೆನಾಡಿನ ತಂಬುಳಿಯಲ್ಲಿ ಸೊಪ್ಪು, ಕಾಯಿ, ಮಜ್ಜಿಗೆ ಮೂರೂ ಇರುವುದರಿಂದ ಮೊಸರನ್ನ ಬಿಡದ ಮಗುವನ್ನು ಸೊಪ್ಪಿನ ಕಡೆಗೆ ಕರೆತರಲು ಅದಕ್ಕಿಂತ ಒಳ್ಳೆಯ ದಾರಿ ಕಾಣೆ.

ಹುರಿಹಿಟ್ಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. 30 ಗ್ರಾಂ ಹಿಟ್ಟು ತಿಂದರೆ ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದ 500 ಮಿ.ಗ್ರಾಂನಲ್ಲಿ ಐದನೆಯ ಒಂದು ಪಾಲು ಸಿಕ್ಕಂತಾಯಿತು. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣ, ಕ್ಯಾಲ್ಸಿಯಂಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಬರಿಸಿದಾಗ ಅದು ತಗ್ಗುತ್ತದೆ. ರಾಗಿಯನ್ನು ಕಲ್ಲು–ಮಣ್ಣು ಹೋಗುವಂತೆ ಗಾಳಿಸಿ ತೊಳೆದು ಒಂದು ರಾತ್ರಿ ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿನ ಜಾಗದಲ್ಲಿಡಬೇಕು. ಬಟ್ಟೆ ಒಣಗಿದರೆ ನೀರು ಚಿಮುಕಿಸಬೇಕು. ಒಂದೆರಡು ದಿನದಲ್ಲಿ ಸಣ್ಣ ಬಿಳಿ ಮೊಳಕೆ ಕಾಣಿಸಿದ ಮೇಲೆ ನೆರಳಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟು ಮಾತ್ರ ಹುರಿದು, ಬೀಸಿ ಜರಡಿ ಹಿಡಿಯಬೇಕು. ಹುಳಿವಾಸನೆ ಬಂದ ಅಥವಾ ಬೂಸಲು ಹಿಡಿದ ಕಾಳನ್ನು ಬಳಸಬಾರದು. ಮೊಳಕೆ ರಾಗಿಯ ಗಂಜಿ ಸಾದಾ ಹಿಟ್ಟಿನ ಗಂಜಿಯಷ್ಟು ಬೇಗ ಗಟ್ಟಿಯಾಗುವುದಿಲ್ಲ, ಏಕೆಂದರೆ ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಕರಗಿಸುತ್ತದೆ. ಬಲವಾಗಿ ಹುರಿದರೆ ಆ ಗುಣ ಹೋಗುತ್ತದೆ. ನಾಲ್ಕೇ ಚಮಚ ಗಂಜಿ ಕುಡಿಯುವ ಮಗುವಿಗೆ ಇದರಿಂದ ದೊಡ್ಡ ಲಾಭವಿದೆ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಬಹುದು, ನುಂಗಲೂ ಕಷ್ಟವಾಗುವುದಿಲ್ಲ. ಎರಡು ಪಾಲು ರಾಗಿಹಿಟ್ಟಿಗೆ ಒಂದು ಪಾಲು ಹುರಿಗಡಲೆ ಪುಡಿ, ಅರ್ಧ ಪಾಲು ಹುರಿದ ಶೇಂಗಾ ಪುಡಿ ಬೆರೆಸಿಟ್ಟುಕೊಂಡರೆ ಪ್ರೋಟೀನೂ ಕೊಬ್ಬೂ ಕೂಡಿಬರುತ್ತವೆ. ಶೇಂಗಾವನ್ನು ಮೊದಲ ಸಲ ಕೊಡುವಾಗ ಚಿಟಿಕೆಯಷ್ಟು ಕೊಟ್ಟು, ಮೈಮೇಲೆ ದದ್ದು ಏಳುತ್ತದೆಯೋ ವಾಂತಿಯಾಗುತ್ತದೆಯೋ ಎಂದು ಗಮನಿಸಬೇಕು.

ಕಬ್ಬಿಣಾಂಶದ ಮಾತಿಗೆ ಬಂದರೆ, ಒಂದರಿಂದ ಮೂರು ವರ್ಷಕ್ಕೆ ದಿನಕ್ಕೆ 8 ಮಿ.ಗ್ರಾಂ, ನಾಲ್ಕರಿಂದ ಆರು ವರ್ಷಕ್ಕೆ 11 ಮಿ.ಗ್ರಾಂ ಬೇಕೆಂದು ಐಸಿಎಂಆರ್ ಹೇಳುತ್ತದೆ. ಮಾಂಸಾಹಾರದ ಮನೆಯಲ್ಲಿ ಮೆತ್ತಗೆ ಬೇಯಿಸಿದ ಕೋಳಿಯ ಲಿವರ್ ಸ್ವಲ್ಪ ಪ್ರಮಾಣದಲ್ಲಿ ವಾರಕ್ಕೊಮ್ಮೆ, ಮಾಂಸ, ಮೀನು ಇವು ಸುಲಭವಾಗಿ ಮೈಗೆ ಹತ್ತುವ ಮೂಲಗಳು. ಸಸ್ಯಾಹಾರದ ಮನೆಯಲ್ಲಿ ಕಾಳು, ಬೇಳೆ, ಸೊಪ್ಪುಗಳ ಜೊತೆಗೆ ನಿಂಬೆರಸ, ಸೀಬೆಹಣ್ಣು, ನೆಲ್ಲಿಕಾಯಿಯಂಥ ಸಿ ಜೀವಸತ್ವದ ಮೂಲ ಅದೇ ಹೊತ್ತಿನಲ್ಲಿ ಇರಲೇಬೇಕು, ಇಲ್ಲವಾದರೆ ತಿಂದ ಕಬ್ಬಿಣಾಂಶದ ಬಹುಪಾಲು ವ್ಯರ್ಥವಾಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಮಾಡಿದ ಹುಳಿಯ ಪಲ್ಯಗಳಿಗೂ ಸ್ವಲ್ಪ ಕಬ್ಬಿಣ ಇಳಿಯುತ್ತದೆ. ಬೆಲ್ಲದಲ್ಲಿ ಕಬ್ಬಿಣವಿದೆಯೆಂದು ಎಲ್ಲಕ್ಕೂ ಬೆಲ್ಲ ಸುರಿಯುವುದನ್ನು ನಾನು ಒಪ್ಪುವುದಿಲ್ಲ, ಮಗು ತಿನ್ನಬಹುದಾದ ಅಳತೆಯಲ್ಲಿ ಅದರಿಂದ ಸಿಗುವ ಕಬ್ಬಿಣಕ್ಕಿಂತ ಸಿಹಿಯ ಚಟವೇ ಹೆಚ್ಚು. ಚಹಾ–ಕಾಫಿ ಒಂದು ಗುಟುಕೂ ಬೇಡ.

ಆಹಾರ ಎಷ್ಟೇ ಸರಿಯಿದ್ದರೂ ರಕ್ತಹೀನತೆ ಇಷ್ಟು ವ್ಯಾಪಕವಾಗಿರುವಾಗ ಸರ್ಕಾರ ಕೊಡುವ ಕಬ್ಬಿಣಾಂಶದ ಸಿರಪ್ಪನ್ನು ತಪ್ಪಿಸಬಾರದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಎಂಬುದು ರಾಷ್ಟ್ರೀಯ ಕಾರ್ಯಕ್ರಮದ ಕ್ರಮ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಿಗುತ್ತದೆ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಂದು ಒಂದು ವರ್ಷ ದಾಟಿದ ಮಗುವಿಗೆ ಮಾತ್ರೆ ಕೊಡಿಸಬೇಕು. ಹುಳು ಇರುವ ಹೊಟ್ಟೆಗೆ ಹಸಿವೂ ಕಡಿಮೆ, ತಿಂದದ್ದೂ ಮೈಗೆ ಸೇರುವುದಿಲ್ಲ.

ಐದನೆಯ ಹೆಜ್ಜೆ: ಹೊಸ ರುಚಿಯನ್ನು ಮೆಲ್ಲಗೆ ಪರಿಚಯಿಸುವುದು

ಒಂದು ಹೊಸ ಪದಾರ್ಥವನ್ನು ಮಗು ಒಪ್ಪುವ ಮೊದಲು ಅದನ್ನು ಎಂಟರಿಂದ ಹದಿನೈದು ಸಲ ನೋಡಬೇಕಾಗಬಹುದು, ಮುಟ್ಟಬೇಕಾಗಬಹುದು, ನೆಕ್ಕಬೇಕಾಗಬಹುದು. ನಾವು ಮೂರನೆಯ ಸಲಕ್ಕೇ ‘ಇವಳಿಗೆ ಸೊಪ್ಪು ಸೇರುವುದಿಲ್ಲ’ ಎಂದು ತೀರ್ಮಾನಿಸಿ ಅದನ್ನು ಮಗುವಿನ ಎದುರೇ ಆಡುತ್ತೇವೆ. ಮಗು ಆ ಮಾತನ್ನು ತನ್ನ ಗುರುತಾಗಿ ಹಿಡಿದುಕೊಳ್ಳುತ್ತದೆ.

ಸಬ್ಬಸಿಗೆ ಸೊಪ್ಪನ್ನು ಪರಿಚಯಿಸಬೇಕೆಂದುಕೊಳ್ಳೋಣ. ಮೊದಲ ಕೆಲವು ದಿನ ಸೊಪ್ಪು ಬಿಡಿಸುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲೆ ಕಿತ್ತು ಬುಟ್ಟಿಗೆ ಹಾಕುವ ಕೆಲಸ ಕೊಡಬೇಕು, ಮೂಸಿ ನೋಡಲಿ, ತಿನ್ನುವ ಮಾತೇ ಬೇಡ. ಆಮೇಲೆ ಮಗು ಇಷ್ಟಪಡುವ ಅಕ್ಕಿರೊಟ್ಟಿಯ ಹಿಟ್ಟಿಗೆ ಅಲ್ಲೊಂದು ಇಲ್ಲೊಂದು ಎಸಳು ಕಾಣುವಷ್ಟು ಮಾತ್ರ ಹೆಚ್ಚಿ ಹಾಕಬೇಕು. ಎಸಳನ್ನು ಹೆಕ್ಕಿ ಪಕ್ಕಕ್ಕಿಟ್ಟರೆ ಇಡಲಿ, ಬೆರಳಿಗೆ ಮುಟ್ಟಿದ್ದೂ ಒಂದು ಹೆಜ್ಜೆಯೇ. ಬಾಯಿಗೆ ಹಾಕಿ ಉಗುಳಿದರೆ ಗದರಬಾರದು, ಉಗುಳಲು ಅವಕಾಶವಿದೆಯೆಂದು ತಿಳಿದ ಮಗು ಇನ್ನೊಮ್ಮೆ ಬಾಯಿಗೆ ಹಾಕುವ ಧೈರ್ಯ ಮಾಡುತ್ತದೆ. ವಾರಕ್ಕೆ ಎರಡು ಮೂರು ಸಲ ಇದೇ ರೊಟ್ಟಿ ಬರುತ್ತಿರಲಿ, ಸೊಪ್ಪಿನ ಪ್ರಮಾಣ ನಿಧಾನವಾಗಿ ಏರಲಿ, ದೊಡ್ಡವರು ಅದನ್ನೇ ಮಗುವಿನ ಎದುರು ಸಂತೋಷದಿಂದ ತಿನ್ನಲಿ. ತಂದೆ ತನ್ನ ತಟ್ಟೆಯ ಸೊಪ್ಪನ್ನು ಬದಿಗೆ ಸರಿಸುತ್ತಿದ್ದರೆ ಮಗುವಿಗೆ ಬೇರೆ ಪಾಠ ಬೇಕಾಗಿಲ್ಲ. ಒಂದು ಕಾಲಕ್ಕೆ ಒಂದೇ ಹೊಸ ಪದಾರ್ಥ ಸಾಕು.

ತರಕಾರಿಯನ್ನು ರುಬ್ಬಿ ಹಿಟ್ಟಿನಲ್ಲಿ ಬೆರೆಸುವುದು ಇವತ್ತಿನ ಪೋಷಣೆಗೆ ಒಳ್ಳೆಯದೇ, ಆದರೆ ಕಾಣದ ತರಕಾರಿಯನ್ನು ಮಗು ಒಪ್ಪಲು ಕಲಿಯುವುದಿಲ್ಲ. ಆದ್ದರಿಂದ ಕಾಣುವಂತೆಯೂ ಒಂದು ತುಂಡು ತಟ್ಟೆಯಲ್ಲಿರಬೇಕು. ‘ಪಲ್ಯ ತಿಂದರೆ ಚಾಕೊಲೇಟು’ ಎಂಬ ಆಸೆ ತೋರಿಸಿದರೆ ಪಲ್ಯ ಕಷ್ಟದ್ದು, ಚಾಕೊಲೇಟು ದೊಡ್ಡದು ಎಂದೇ ಮಗು ತಿಳಿಯುತ್ತದೆ. ಸುರಕ್ಷತೆಯ ಒಂದು ಮಾತು: ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಬಾದಾಮಿ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ಟಿನ ಗಟ್ಟಿ ತುಂಡು ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಪುಡಿ ಮಾಡಿ, ಉದ್ದಕ್ಕೆ ಸೀಳಿ ಅಥವಾ ಬೇಯಿಸಿ ಕೊಡಬೇಕು. ಓಡಾಡುತ್ತಾ ತಿನ್ನುವುದಂತೂ ಬೇಡವೇ ಬೇಡ.

ಹಾಲಿಗೆ ಬೆರೆಸುವ ಪುಡಿಗಳು

ಊಟ ಮಾಡದ ಮಗುವಿಗೆ ಚಾಕೊಲೇಟು ರುಚಿಯ ಪುಡಿಯೇ ಪರಿಹಾರವೆಂದು ನಂಬಿದವರು ಬಹಳ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂಥ ಪೇಯಗಳನ್ನು ‘ಆರೋಗ್ಯ ಪೇಯ’ದ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಡಬ್ಬದ ಹಿಂಬದಿಯ ಸಕ್ಕರೆಯ ಸಾಲನ್ನು ಓದಿದರೆ ಕಾರಣ ತಿಳಿಯುತ್ತದೆ. ಮಗುವಿಗೆ ಅದರ ಅಭ್ಯಾಸವಾಗಿದ್ದರೆ ವಾರವಾರಕ್ಕೂ ಪುಡಿಯ ಅಳತೆ ತಗ್ಗಿಸುತ್ತಾ ಬಂದು ನಿಲ್ಲಿಸಬಹುದು.

ಜ್ವರ, ಭೇದಿ ಬಂದಾಗ

ಕಾಯಿಲೆಯ ದಿನಗಳಲ್ಲಿ ಹೊಸ ಪ್ರಯೋಗಗಳನ್ನೆಲ್ಲ ನಿಲ್ಲಿಸಿ ಮಗು ಒಪ್ಪುವ ಮೆತ್ತನೆಯ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು, ಲಂಘನ ಹಾಕಬಾರದು. ಗುಣವಾದ ಮೇಲೆ ಮರಳಿ ಬರುವ ಹಸಿವನ್ನು ಬಳಸಿಕೊಂಡು ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚಿಗೆ ಉಣ್ಣಿಸಿದರೆ ಕಳೆದ ತೂಕ ಕೂಡಿಬರುತ್ತದೆ.

ವೈದ್ಯರನ್ನು ಕಾಣಲೇಬೇಕಾದ ಸಂದರ್ಭಗಳು

ನುಂಗುವಾಗ ಪದೇಪದೇ ಕೆಮ್ಮು, ಉಸಿರುಗಟ್ಟುವುದು, ಎರಡು ವರ್ಷವಾದರೂ ಅಗಿಯಲಾಗದೆ ರುಬ್ಬಿದ್ದನ್ನು ಮಾತ್ರ ತಿನ್ನುವುದು, ಊಟವಾದಾಗಲೆಲ್ಲ ವಾಂತಿ, ಮುಂಚೆ ತಿನ್ನುತ್ತಿದ್ದ ಪದಾರ್ಥಗಳನ್ನು ಒಂದೊಂದಾಗಿ ಬಿಡುತ್ತಾ ಬರುವುದು, ಒಂದೇ ಬಣ್ಣದ ಅಥವಾ ಒಂದೇ ಮೃದುತ್ವದ ಆಹಾರಕ್ಕೆ ಅಂಟಿಕೊಂಡು ಮಾತಿನಲ್ಲೂ ಬೆರೆಯುವುದರಲ್ಲೂ ಹಿಂದುಳಿಯುವುದು, ಇವುಗಳನ್ನು ಹಟವೆಂದು ತಳ್ಳಿಹಾಕಬಾರದು. ಮಣ್ಣು, ಸುಣ್ಣ, ಬಳಪ ತಿನ್ನುವ ಮಗುವಿಗೆ ರಕ್ತ ಪರೀಕ್ಷೆ ಮಾಡಿಸಬೇಕು, ಹಲವು ಸಲ ಅದರ ಹಿಂದೆ ಕಬ್ಬಿಣಾಂಶದ ಕೊರತೆಯಿರುತ್ತದೆ. ಅಗಿಯುವ–ನುಂಗುವ ತೊಂದರೆಯಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಮಾಡಿಸಬಹುದು. ತೀವ್ರ ಅಪೌಷ್ಟಿಕತೆ ಇದ್ದರೆ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕಾಂಶ ಪುನರ್ವಸತಿ ಕೇಂದ್ರದಲ್ಲಿ ತಾಯಿಯನ್ನೂ ಮಗುವನ್ನೂ ಸೇರಿಸಿಕೊಂಡು ಉಪಚರಿಸುತ್ತಾರೆ. ಹೋಗುವಾಗ ತಾಯಿ ಕಾರ್ಡನ್ನೂ ಮೂರು ದಿನದ ಊಟದ ಹಾಳೆಯನ್ನೂ ಕೊಂಡೊಯ್ಯಬೇಕು. ಮಗು ಉಣ್ಣುವಾಗ ಹೇಗೆ ಅಗಿಯುತ್ತದೆ, ಎಲ್ಲಿ ತಡೆಯುತ್ತದೆ ಎಂಬುದನ್ನು ಒಂದೆರಡು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿದ್ದರೆ ವೈದ್ಯರಿಗೆ ಕಾರಣ ಹುಡುಕುವುದು ಸುಲಭವಾಗುತ್ತದೆ.